ಕರುಳಿನ ಪರೀಕ್ಷೆಗೆ ತಯಾರಿ

ಟೀಚರಮ್ಮ ನಿವೃತ್ತರಾಗಿ ವರ್ಷಗಳೇ ಕಳೆದಿದ್ದವು. ಆದರೂ ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಗಲೂ ಟೊಂಕ ಕಟ್ಟಿ ನಿಂತುಬಿಡುವ ಹೆಂಗಸು. ಗಣಿತ ಹೇಳಿಕೊಟ್ಟವರು. ತಲೆಗೆ ಏನೂ ಹತ್ತದ ಮಕ್ಕಳನ್ನು ಕಿವಿ ಹಿಂಡಿಯೋ ಬೆನ್ನು ಸವರಿಯೋ ಹೇಗೋ ದಡ ಮುಟ್ಟಿಸಿದವರು. ಯಾರೂ ದಡ್ಡತನದಿಂದ ಫೇಲಾಗುವುದಿಲ್ಲ, ತಯಾರಿ ಸಾಲದೆ ಫೇಲಾಗುತ್ತಾರೆ ಎನ್ನುವುದು ಅವರ ಗಟ್ಟಿ ನಂಬಿಕೆ. ಸೊಸೆ ಬಸ್ಸಿನ ಲೈಸೆನ್ಸ್ ಪರೀಕ್ಷೆಗೆ ಕೂತಾಗ ಅವಳನ್ನು ತಯಾರು ಮಾಡಿದ್ದೂ ಇವರೇ. ತಮಗೆ ಸೈಕಲ್ಲೂ ಬಾರದು, ಅದು ಬೇರೆ ಮಾತು.

ಹಾಗಾಗಿ ಹೊಟ್ಟೆಯ ಡಾಕ್ಟರು, ಇನ್ನೊಮ್ಮೆ ಸ್ಕ್ಯಾನ್ ಮಾಡಿಸೋಣ, ಅದನ್ನು ನೋಡಿ ತೀರ್ಮಾನ ಮಾಡೋಣ ಎಂದಾಗ ಟೀಚರಮ್ಮನ ತಲೆಯಲ್ಲಿ ಗಂಟೆ ಹೊಡೆಯಿತು. ಸೊಸೆಗೆ ಪರೀಕ್ಷೆ ಬಂದಿದೆ. ಪಾಸು ಮಾಡಿಸಬೇಕು.

ಸೊಸೆ ಸಿಟಿ ಬಸ್ಸಿನ ಡ್ರೈವರ್. ಅವಳನ್ನು ಹಿಡಿದದ್ದು ಕರುಳಿನ ಒಳಗೋಡೆ ತಾನಾಗಿ ಊದಿಕೊಂಡು ಹುಣ್ಣಾಗುವ ಕಾಯಿಲೆ. ಮೈಯನ್ನು ಕಾಯಬೇಕಾದ ರಕ್ತಕಣಗಳೇ ಕರುಳಿನ ಮೇಲೆ ತಿರುಗಿ ಬೀಳುತ್ತವಂತೆ. ಹೊಟ್ಟೆ ಹಿಂಡುತ್ತದೆ, ರಕ್ತ ಹೋಗುತ್ತದೆ, ಗಳಿಗೆಗೊಮ್ಮೆ ಓಡಬೇಕಾಗುತ್ತದೆ. ಮನೆಯಲ್ಲಿದ್ದವರು ಓಡಬಹುದು. ಬೆನ್ನ ಹಿಂದೆ ಬಸ್ಸು ತುಂಬ ಜನರನ್ನು ಇಟ್ಟುಕೊಂಡು ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡವಳು ಎಲ್ಲಿಗೆ ಓಡಬೇಕು? ಒಂದು ಬೆಳಿಗ್ಗೆ ಅವಳು ಬಸ್ಸನ್ನು ರಸ್ತೆಯ ಬದಿಗೆ ಹಾಕಿ, ಕೀಲಿ ಕಿತ್ತುಕೊಂಡು, ಪಕ್ಕದ ಟೈರಿನ ಅಂಗಡಿಯೊಳಗೆ ಓಡಿದ್ದಳು. ಜನ ಕಿಟಕಿಯಿಂದ ಬೈದರು. ಆಮೇಲೆ ಡಿಪೋದವರು ಅವಳನ್ನು ಬಸ್ಸಿನಿಂದ ಇಳಿಸಿ, ಪ್ರಯಾಣಿಕರು ಮರೆತು ಬಿಟ್ಟ ಛತ್ರಿ, ಚೀಲ, ಒಂಟಿ ಚಪ್ಪಲಿಗಳನ್ನು ಇಡುವ ಕೋಣೆಯಲ್ಲಿ ಕೂರಿಸಿದರು. ಸ್ಟೇರಿಂಗ್ ಹಿಡಿದರೆ ರಾಣಿಯಂತೆ ಕೂರುತ್ತಿದ್ದ ಹುಡುಗಿ ಅಲ್ಲಿ ಛತ್ರಿಗಳ ನಡುವೆ ಬಾಡಿಹೋದಳು.

ಎರಡು ಔಷಧಿ ಕೈಕೊಟ್ಟಿದ್ದವು. ಮೂರನೆಯದು ಇಂಜೆಕ್ಷನ್. ಅದನ್ನು ಶುರು ಮಾಡುವ ಮೊದಲು ಒಂದು ಸ್ಕ್ಯಾನ್ ಆಗಿತ್ತು. ಸಣ್ಣಕರುಳಿನ ನಡುಭಾಗ ಮೇಲಿಂದ ಇಳಿಸುವ ಕೊಳವೆಗೂ ಸಿಗದು, ಕೆಳಗಿಂದ ಹಾಕುವ ಕೊಳವೆಗೂ ಸಿಗದು. ಅದಕ್ಕೇ ಈ ಉಪಾಯ: ಚೂರೇ ಚೂರು ವಿಕಿರಣ ಬೆರೆಸಿದ ಸಕ್ಕರೆಯನ್ನು ರಕ್ತಕ್ಕೆ ಕೊಡುತ್ತಾರೆ, ಎಲ್ಲೆಲ್ಲಿ ಊತ ಇದೆಯೋ ಅಲ್ಲೆಲ್ಲ ಕರುಳು ಆ ಸಕ್ಕರೆಯನ್ನು ಗಬಗಬ ತಿನ್ನುತ್ತದೆ, ಕ್ಯಾಮೆರಾಕ್ಕೆ ಆ ಜಾಗ ಹೊಳೆಯುತ್ತದೆ. ಸೊಸೆಯ ಕರುಳು ಮೂರು ಕಡೆ ಕೆಂಡದಂತೆ ಹೊಳೆದಿತ್ತು. ಈಗ ತಿಂಗಳುಗಟ್ಟಲೆ ಇಂಜೆಕ್ಷನ್ ಆದಮೇಲೆ ಆ ಕೆಂಡಗಳು ಆರಿದ್ದರೆ ಅದನ್ನೇ ಮುಂದುವರಿಸಿ, ಬಸ್ಸು ಓಡಿಸಲು ಡಿಪೋಗೆ ಪತ್ರ ಬರೆದುಕೊಡುತ್ತೇನೆ ಎಂದಿದ್ದರು ಹೊಟ್ಟೆಯ ಡಾಕ್ಟರು. ಆರಿರದಿದ್ದರೆ ಔಷಧಿಯ ಮಾತು ಮುಗಿಯಿತು. ಊದಿದ ಭಾಗವನ್ನು ಕತ್ತರಿಸಿ ತೆಗೆಯಬೇಕು, ಹೊಟ್ಟೆಯ ಮೇಲೆ ಮಲಕ್ಕೊಂದು ಚೀಲ ಬರಲೂಬಹುದು. ಇದನ್ನು ಅವರು ಮೆಲ್ಲಗೆ, ಆದರೆ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಸೊಸೆ ಸ್ವಲ್ಪ ಸುಧಾರಿಸಿದ್ದಳು ಎನ್ನುವುದೂ ನಿಜ. ಮುಖದಲ್ಲಿ ಬಣ್ಣ ಬಂದಿತ್ತು. ಊಟ ಮಾಡಿದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂರುವುದು ಕಡಿಮೆಯಾಗಿತ್ತು. ಟೀಚರಮ್ಮ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು.

ಆಸ್ಪತ್ರೆಯ ನರ್ಸು ಫೋನಿನಲ್ಲಿ ನಿಯಮ ಹೇಳಿದಳು. ಖಾಲಿ ಹೊಟ್ಟೆಯಲ್ಲಿ ಬರಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಸ್ಕ್ಯಾನ್ ಮಾಡುವುದಿಲ್ಲ, ವಾಪಸ್ ಕಳಿಸುತ್ತೇವೆ. ಅಷ್ಟೇ ಸಾಕಾಯಿತು. ಹೋದ ಸಲ ಅಲ್ಲಿ ದಪ್ಪ ಮನುಷ್ಯನೊಬ್ಬನನ್ನು ಹಾಗೆ ವಾಪಸ್ ಕಳಿಸಿದ್ದನ್ನು ಟೀಚರಮ್ಮ ಕಣ್ಣಾರೆ ನೋಡಿದ್ದರು. ಪಾಪ, ಜೋಲು ಮುಖ ಹಾಕಿಕೊಂಡು ಹೋಗಿದ್ದ. ತನ್ನ ಸೊಸೆ ಹಾಗೆ ಬಾಗಿಲಿನಿಂದಲೇ ಹಿಂದಿರುಗುವುದೇ? ಛೆ!

ಮೊದಲು ಮನೆಯಿಂದ ಸಕ್ಕರೆ ಮಾಯವಾಯಿತು. ಆಮೇಲೆ ಅನ್ನ. ಆಮೇಲೆ ಬ್ರೆಡ್ಡು. ಮಗ ಬೇಕರಿಯಲ್ಲಿ ಕೆಲಸ ಮಾಡುವವನು. ಬ್ರೆಡ್ಡು ಹೊಸ್ತಿಲು ದಾಟಬಾರದು ಎಂಬ ಕಟ್ಟಪ್ಪಣೆ ಕೇಳಿ, ತನ್ನ ಮೈಯೆಲ್ಲ ಹಿಟ್ಟೇ ಇದೆ, ತನ್ನನ್ನೂ ಹೊರಗೇ ಮಲಗಿಸುತ್ತೀಯಾ ಎಂದು ಕೇಳಿದ. ಟೀಚರಮ್ಮ ನಗಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಗುವ ಅಭ್ಯಾಸ ಅವರಿಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಟೀಚರಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಒಂದು, ಸಂಜೆ ಒಂದು ಬಿಳಿ ಮಾತ್ರೆ ನುಂಗುತ್ತಿದ್ದರು. ತನ್ನ ಸಕ್ಕರೆಯನ್ನು ಹದ್ದುಬಸ್ತಿನಲ್ಲಿಟ್ಟ ಮಾತ್ರೆ ಸೊಸೆಯದನ್ನು ಇಡುವುದಿಲ್ಲವೇ? ಸಂಜೆಯ ಮಾತ್ರೆಯನ್ನು ಸೊಸೆಯ ಅಂಗೈ ಮೇಲಿಟ್ಟರು. ಸೊಸೆ ಮಾತ್ರೆಯನ್ನೂ ಅತ್ತೆಯನ್ನೂ ನೋಡಿ, ಡಾಕ್ಟರನ್ನು ಒಂದು ಮಾತು ಕೇಳೋಣವೇ ಎಂದಳು. ಇಷ್ಟಕ್ಕೆಲ್ಲ ಡಾಕ್ಟರೇಕೆ, ನಾನು ವರ್ಷಗಟ್ಟಲೆ ತಿಂದು ಸತ್ತಿದ್ದೇನೆಯೇ ಎಂದರು ಟೀಚರಮ್ಮ. ವಾದ ಮಾಡುವುದಕ್ಕಿಂತ ನುಂಗುವುದೇ ಸುಲಭ ಎಂದು ಆ ಮನೆಯಲ್ಲಿ ಎಲ್ಲರೂ ಕಲಿತಿದ್ದರು. ಅವಳು ನುಂಗಿದಳು. ಮಾರನೇ ದಿನವೂ ನುಂಗಿದಳು, ಅದರ ಮಾರನೇ ದಿನವೂ.

ಜೊತೆಗೆ ಟೀಚರಮ್ಮ ತಮ್ಮ ಹಳೆಯ ಸೂತ್ರವನ್ನೂ ಹೇಳಿಕೊಟ್ಟರು: ಕೇಳಿದ್ದಕ್ಕೆ ಮಾತ್ರ ಉತ್ತರ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನು, ಅದು ನಿಜವೇ. ಮಾತ್ರೆಯ ಸುದ್ದಿ ನೀನಾಗಿ ಎತ್ತಬೇಡ.

ವಾರ ಕಳೆಯುವಷ್ಟರಲ್ಲಿ ಸೊಸೆಯ ಹೊಟ್ಟೆ ಕೆಟ್ಟಿತು. ಬಚ್ಚಲುಮನೆಯ ಬಾಗಿಲು ಮತ್ತೆ ಮತ್ತೆ ಚಿಲಕ ಹಾಕಿಕೊಳ್ಳುವ ಸದ್ದು ಅಡುಗೆಮನೆಗೆ ಕೇಳಿಸಿದಾಗ ಟೀಚರಮ್ಮ ಒಲೆ ಆರಿಸಿ ಕಿವಿಗೊಟ್ಟರು. ಹಾಳಾದ ಕಾಯಿಲೆ ತಿರುಗಿ ಬಂತು. ಅದೂ ಪರೀಕ್ಷೆಯ ಹೊತ್ತಿಗೇ. ಸೊಸೆ ಹೊರಗೆ ಬಂದು, ಮುಖ ಒರೆಸಿಕೊಂಡು, ಏನಿಲ್ಲ ಎಂಬಂತೆ ತಟ್ಟೆ ತೊಳೆಯಲು ನಿಂತಳು. ಇವರೂ ಏನೂ ಕೇಳಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆಂದು ಇಬ್ಬರಿಗೂ ಭಯ. ಮಾತ್ರೆಯನ್ನಂತೂ ಟೀಚರಮ್ಮ ಬಿಡಿಸಲಿಲ್ಲ. ಒಳಗಿನದು ನಮ್ಮ ಕೈಯಲ್ಲಿಲ್ಲ, ಸಕ್ಕರೆಯಾದರೂ ಸರಿಯಿರಲಿ ಎಂದುಕೊಂಡರು.

ಸ್ಕ್ಯಾನಿನ ದಿನ ಬೆರಳು ಚುಚ್ಚಿ ನೋಡಿದ ಟೆಕ್ನಿಷಿಯನ್, ಸಕ್ಕರೆ ತುಂಬಾ ಚೆನ್ನಾಗಿದೆ ಎಂದ. ಟೀಚರಮ್ಮ ಬೀಗಿದ್ದೇ ಬೀಗಿದ್ದು. ಅವರನ್ನು ಅಲ್ಲಿಂದಾಚೆ ಬಿಡಲಿಲ್ಲ. ಹಳದಿ ಬಣ್ಣದ ವಿಕಿರಣದ ಗುರುತು ಅಂಟಿಸಿದ ಭಾರದ ಬಾಗಿಲು ಸೊಸೆಯ ಹಿಂದೆ ಮುಚ್ಚಿಕೊಂಡಿತು. ಒಳಗೆ ಸೀಸದ ಡಬ್ಬಿಯಿಂದ ಸಿರಿಂಜು ತೆಗೆದು ಚುಚ್ಚಿದರು. ಒಂದು ಮಬ್ಬು ಕೋಣೆಯಲ್ಲಿ ಕಂಬಳಿ ಹೊದಿಸಿ, ಮಾತಾಡಬಾರದು, ಅಲುಗಾಡಬಾರದು ಎಂದು ಒರಗಿಸಿದರು. ಮಾತಾಡಿದರೆ ಗಂಟಲಿನ ಸ್ನಾಯುಗಳೂ ಸಕ್ಕರೆ ತಿಂದು ಹೊಳೆಯುತ್ತವಂತೆ. ಆಮೇಲೆ ಮೂತ್ರಕ್ಕೆ ಕಳಿಸಿ, ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗಿಸಿದರು. ಸೊಸೆ ಇದನ್ನೆಲ್ಲ ಆಮೇಲೆ ಮನೆಯಲ್ಲಿ ಹೇಳಿದಳು. ಒಂದು ವಿಷಯವನ್ನು ಮಾತ್ರ ಆಗ ಹೇಳಲಿಲ್ಲ.

ಕೆಲವು ದಿನ ಬಿಟ್ಟು ಹೊಟ್ಟೆಯ ಡಾಕ್ಟರು ಕರೆಸಿದರು. ಅವರ ಮುಖ ನೋಡಿದೊಡನೆ ಟೀಚರಮ್ಮನಿಗೆ ಗೊತ್ತಾಯಿತು; ಫಲಿತಾಂಶ ಓದುವ ಮುಂಚಿನ ಅಂಥ ಮುಖವನ್ನು ಅವರೇ ಎಷ್ಟು ಸಲ ಹಾಕಿಕೊಂಡಿಲ್ಲ! ಕರುಳು ಪೂರ್ತಿ ಹೊಳೆಯುತ್ತಿದೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಎಂದರು ಡಾಕ್ಟರು. ಹೊಟ್ಟೆ ಹೇಗಿತ್ತು ಎಂದು ಕೇಳಿದರು. ಸ್ಕ್ಯಾನಿನ ಹಿಂದಿನ ವಾರ ಮತ್ತೆ ಶುರುವಾಗಿತ್ತು ಎಂದು ಸೊಸೆ ತಲೆ ತಗ್ಗಿಸಿ ಒಪ್ಪಿಕೊಂಡಳು. ಎರಡೂ ತಾಳೆಯಾಯಿತು. ಇಂಜೆಕ್ಷನ್ ನಿಲ್ಲಿಸೋಣ, ಬರುವ ವಾರ ಸರ್ಜನ್ನರನ್ನು ನೋಡಿ ಎಂದರು. ಸೊಸೆ ಅಳಲಿಲ್ಲ. ಚೀಲ ಇಟ್ಟುಕೊಂಡು ಬಸ್ಸು ಓಡಿಸಲು ಬಿಡುತ್ತಾರಾ ಎಂದು ಮಾತ್ರ ಕೇಳಿದಳು. ಅದನ್ನು ಡಿಪೋದವರೇ ಹೇಳಬೇಕು ಎಂದರು ಡಾಕ್ಟರು.

ಮನೆಗೆ ಬಂದು ಅತ್ತೆ ಸೊಸೆ ಅಡುಗೆಮನೆಯಲ್ಲಿ ಎದುರುಬದುರು ಕೂತರು. ತರಕಾರಿ ಹೆಚ್ಚುತ್ತ ಸೊಸೆ, ತಮಾಷೆ ನೋಡಿ ಎಂದಳು. ಈಗ ಹೊಟ್ಟೆ ಸುಮ್ಮನಿದೆ. ಸ್ಕ್ಯಾನ್ ಆದ ಎರಡು ಮೂರು ದಿನಕ್ಕೆ ತಾನಾಗಿ ನಿಂತುಹೋಯಿತು. ಆಮೇಲೆ ಏನೋ ನೆನೆದು, ಆ ಸ್ಕ್ಯಾನಿನ ಲೇಡಿ ಡಾಕ್ಟರು ವಿಚಿತ್ರದವರು ಎಂದಳು. ಚಿತ್ರ ನೋಡಿ ಹೊರಗೆ ಬಂದು, ಸಕ್ಕರೆ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ನನಗೆ ಸಕ್ಕರೆ ಕಾಯಿಲೆಯೇ ಇಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಬಂದು ಮತ್ತೆ ಅದನ್ನೇ ಕೇಳಿದರು. ಮತ್ತೆ ಹಾಗೇ ಹೇಳಿದೆ.

ಟೀಚರಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಒಂದೇ ಪ್ರಶ್ನೆಯನ್ನು ಯಾರೂ ಸುಮ್ಮನೆ ಎರಡು ಸಲ ಕೇಳುವುದಿಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಂದೊಮ್ಮೆ ಅವರ ಕ್ಲಾಸಿನಲ್ಲಿ ಒಂದು ಸಾಲಿನ ಮಕ್ಕಳೆಲ್ಲ ಒಂದೇ ಲೆಕ್ಕವನ್ನು ಒಂದೇ ಥರ ಮಾಡಿ ಬರೆದಿದ್ದರು. ಜಾಣರೂ ಹಾಗೇ, ಪೆದ್ದರೂ ಹಾಗೇ. ನೋಡಿದ ಕೂಡಲೇ ಅವರಿಗೆ ತಿಳಿದಿತ್ತು, ಇದು ಮಕ್ಕಳ ತಲೆಯಿಂದ ಬಂದದ್ದಲ್ಲ, ಹೊರಗಿನಿಂದ ಯಾರೋ ಹೇಳಿಕೊಟ್ಟದ್ದು. ಕಾಯಿಲೆ ಮೂರೇ ಕಡೆ ಇದ್ದ ಕರುಳು ಈಗ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಹೊಳೆಯುವುದೆಂದರೇನು? ಹೊಟ್ಟೆ ಕೆಟ್ಟದ್ದು ಮಾತ್ರೆ ಶುರುವಾದ ಮೇಲೆ. ನಿಂತದ್ದು ಸ್ಕ್ಯಾನ್ ಮುಗಿದು ಮಾತ್ರೆ ಬಿಟ್ಟ ಮೇಲೆ. ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ ಎಂದುಕೊಂಡರು. ಸೊಸೆಗೆ ಏನೂ ಹೇಳದೆ ಎದ್ದುಹೋದರು. ಅನುಮಾನ ಗಟ್ಟಿಯಾಗದೆ ಅವಳಿಗೆ ಆಸೆ ಹುಟ್ಟಿಸುವುದು ಅವರಿಗೆ ಬೇಡವಾಗಿತ್ತು.

ಮಾರನೇ ಬೆಳಿಗ್ಗೆ ಸ್ಕ್ಯಾನ್ ವಿಭಾಗದ ಬಾಗಿಲು ತೆಗೆಯುವ ಮುಂಚೆಯೇ ಟೀಚರಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಾಜರಿದ್ದರು. ಜೀವಮಾನದಲ್ಲಿ ತಪ್ಪು ಒಪ್ಪಿಕೊಂಡು ಅಭ್ಯಾಸವಿಲ್ಲದ ಹೆಂಗಸು. ಬೇರೆಯವರಿಂದ ಒಪ್ಪಿಸಿಯೇ ಗೊತ್ತು. ಮಗಳ ವಯಸ್ಸಿನ ಆ ಸ್ಕ್ಯಾನಿನ ಡಾಕ್ಟರು ಬ್ಯಾಗು ನೇತುಹಾಕಿಕೊಂಡು ಬಂದಾಗ ಎದ್ದು ನಿಂತು, ಪೀಠಿಕೆ ಹಾಕದೆ ಹೇಳಿಬಿಟ್ಟರು.

"ನನ್ನ ಸೊಸೆ ನಿಮಗೆ ಸುಳ್ಳು ಹೇಳಿಲ್ಲಮ್ಮ. ನಾನು ಹೇಳಿಕೊಟ್ಟ ಹಾಗೆ ಹೇಳಿದಳು. ನನ್ನ ಸಕ್ಕರೆ ಮಾತ್ರೆನ ಅವಳಿಗೆ ವಾರ ಪೂರ್ತಿ ತಿನ್ನಿಸಿದ್ದು ನಾನು."

ಡಾಕ್ಟರು ಬ್ಯಾಗನ್ನೂ ಇಳಿಸದೆ ಅವರನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಮಾತ್ರೆಯ ಹೆಸರು ಕೇಳಿದರು, ಎಷ್ಟು ಕೊಟ್ಟಿರಿ, ಕೊನೆಯದು ಯಾವಾಗ ಎಂದು ಕೇಳಿದರು. ಆ ಮಾತ್ರೆ ತೆಗೆದುಕೊಂಡವರಲ್ಲಿ ಕಾಯಿಲೆ ಇರಲಿ ಬಿಡಲಿ, ಕರುಳೇ ಸಕ್ಕರೆ ಹೀರಿಕೊಂಡು ಹೀಗೆ ಹೊಳೆಯುತ್ತದೆ, ಕೆಲವರಿಗೆ ಭೇದಿಯೂ ಆಗುತ್ತದೆ ಎಂದರು. ನನಗೆ ಅನುಮಾನ ಬಂದಿತ್ತು, ವರದಿಯಲ್ಲಿ ಒಂದು ಮಾತು ಬರೆದೂ ಇದ್ದೆ, ಆದರೆ ಇಲ್ಲ ಎಂದವರ ಬಾಯಿಗೆ ಕೈ ಹಾಕಲು ಬರುವುದಿಲ್ಲವಲ್ಲ ಎಂದರು. ಸೊಸೆಗೆ ಕೊಟ್ಟರೆ ನೀವೇನು ತಿಂದಿರಿ ಎಂದು ಕೇಳಿದಾಗ ಟೀಚರಮ್ಮ ತಡವರಿಸಿದರು. ತಮ್ಮ ಪಾಲಿನಲ್ಲಿ ಅರ್ಧ, ಈ ಗಲಾಟೆಯಲ್ಲಿ ಆಮೇಲೂ ಅಷ್ಟೇ ಎಂದರು. ಡಾಕ್ಟರು ಅಲ್ಲೇ ಅವರ ಬೆರಳು ಚುಚ್ಚಿಸಿದರು. ಅತ್ತೆಯ ಸಕ್ಕರೆ ಗಗನಕ್ಕೇರಿತ್ತು. ಟೆಕ್ನಿಷಿಯನ್ ಮುಖ ತಿರುಗಿಸಿ ನಕ್ಕ.

"ಹಾಗಾದ್ರೆ ಅವಳಿಗೆ ಕಾಯಿಲೆ ವಾಸಿಯಾಗಿದೆ ಅಂತ ಅಲ್ವಾ?" ಟೀಚರಮ್ಮ ಕೇಳಿದರು.

"ಗೊತ್ತಿಲ್ಲ ಅಮ್ಮ," ಎಂದರು ಡಾಕ್ಟರು. "ಮಾತ್ರೆಯ ಬೆಳಕು ಎಲ್ಲಾನೂ ಮುಚ್ಚಿಬಿಟ್ಟಿದೆ. ಅದರ ಕೆಳಗೆ ಕಾಯಿಲೆ ಇದ್ರೂ ಇರಬಹುದು. ಇನ್ನೊಂದು ಸಲ ಮಾಡಿ ನೋಡ್ಬೇಕು. ಈ ಸಲ ದಯವಿಟ್ಟು ಏನೂ ಸಹಾಯ ಮಾಡ್ಬೇಡಿ."

ಹೊಟ್ಟೆಯ ಡಾಕ್ಟರಿಗೆ ಸ್ಕ್ಯಾನಿನ ಡಾಕ್ಟರೇ ಫೋನು ಮಾಡಿದರು. ಇಂಜೆಕ್ಷನ್ ನಿಲ್ಲಿಸುವುದನ್ನೂ ಸರ್ಜನ್ನರ ಭೇಟಿಯನ್ನೂ ಮುಂದೂಡಿದರು.

ಮನೆಯಲ್ಲಿ ವಿಷಯ ಹೇಳಿದಾಗ ಮಗ ತಲೆಯ ಮೇಲೆ ಕೈ ಹೊತ್ತು ಕೂತ. ಸೊಸೆ ಸಂತೋಷಪಡುತ್ತಾಳೆ ಎಂದುಕೊಂಡಿದ್ದರು ಟೀಚರಮ್ಮ. ಅವಳ ಮುಖ ಕೆಂಪಾಯಿತು. ಮದುವೆಯಾಗಿ ಬಂದಾಗಿನಿಂದ ಎದುರು ಮಾತಾಡದವಳು, ಸರ್ಜನ್ನರ ಹೆಸರು ಕೇಳಿದ ದಿನದಿಂದ ಕಣ್ಣು ಮುಚ್ಚಿ ನಿದ್ದೆ ಮಾಡದವಳು, ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಅದು ನನ್ನ ಹೊಟ್ಟೆ, ಅತ್ತೆ. ನಿಮ್ಮ ಕ್ಲಾಸಲ್ಲ. ಅದನ್ನ ಕತ್ತರಿಸೋಕೆ ಹೊರಟಿದ್ರು."

ಒಳ್ಳೆಯದಕ್ಕೇ ಮಾಡಿದೆ ಎಂಬ ಮಾತು ಟೀಚರಮ್ಮನ ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡರು. "ತಪ್ಪಾಯ್ತು ಕಣೆ," ಎಂದರು. ಆ ಮನೆಯ ಗೋಡೆಗಳು ಅವರ ಬಾಯಿಂದ ಆ ಮಾತನ್ನು ಹಿಂದೆಂದೂ ಕೇಳಿರಲಿಲ್ಲ.

ಮರು ಸ್ಕ್ಯಾನಿನವರೆಗೆ ಕಳೆದ ದಿನಗಳು ಟೀಚರಮ್ಮನಿಗೆ ಶಿಕ್ಷೆಯೇ. ಕೈ ಕಟ್ಟಿ ಕೂರುವುದು ಅವರಿಗೆ ಯಾರೂ ಕಲಿಸಿರಲಿಲ್ಲ. ಸೊಸೆ ಏನು ತಿನ್ನುತ್ತಾಳೆ, ಎಷ್ಟು ಸಲ ಎದ್ದುಹೋಗುತ್ತಾಳೆ ಎಂದು ಕಿವಿ ತಾನಾಗಿ ಎಣಿಸಲು ಹೊರಟರೆ ರೇಡಿಯೋದ ಸದ್ದು ಜೋರು ಮಾಡಿಕೊಳ್ಳುತ್ತಿದ್ದರು. ಸೊಸೆ ಮೊದಲೆರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತ, ಆ ಡಾಕ್ಟರು ಎರಡನೇ ಸಲ ಕೇಳಿದಾಗಲಾದರೂ ನಾನು ಬಾಯಿ ಬಿಡಬೇಕಿತ್ತು, ವಾಪಸ್ ಕಳಿಸುತ್ತಾರೆಂದು ಹೆದರಿದೆ ಎಂದಳು. ಅಷ್ಟು ಹೇಳಿದ್ದೇ ಟೀಚರಮ್ಮನಿಗೆ ಹೋದ ಜೀವ ಬಂದಂತಾಯಿತು. ಹಗ್ಗದ ಇನ್ನೊಂದು ತುದಿಯಿಂದ ಅವರೂ ಬಟ್ಟೆ ಹರವಿದರು.

ಸ್ಕ್ಯಾನ್ ಆಯಿತು. ಈ ಸಲ ಕೇಳಿದ್ದಕ್ಕೂ ಕೇಳದ್ದಕ್ಕೂ ಸೊಸೆ ಬಿಚ್ಚಿ ಹೇಳಿದಳಂತೆ: ತಿಂದದ್ದು, ನುಂಗಿದ್ದು, ಎದ್ದುಹೋದದ್ದು, ಎಲ್ಲ.

ಫಲಿತಾಂಶದ ದಿನ ಗಂಡ ಹೆಂಡತಿ ಒಳಗೆ ಹೋದರು. ಟೀಚರಮ್ಮ ತಾವಾಗಿಯೇ ಹೊರಗಿನ ಬೆಂಚಿನ ಮೇಲೆ ಕೂತರು. ನೀವೂ ಬನ್ನಿ ಎಂದು ಯಾರೂ ಕರೆದಿರಲಿಲ್ಲ, ಕರೆಸಿಕೊಳ್ಳುವ ಮುಖವೂ ತನಗಿಲ್ಲ ಎಂದುಕೊಂಡಿದ್ದರು. ಎದುರಿನ ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರಗಳಿದ್ದವು. ಅವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ಮಾತ್ರೆಯ ಬೆಳಕಿನ ಕೆಳಗೆ ಆ ಮೂರು ಕೆಂಡಗಳು ಹಾಗೇ ಇದ್ದರೆ? ಹಾಗಿದ್ದರೆ ಈ ಹುಡುಗಿಗೆ ಒಂದೇ ಕೆಟ್ಟ ಸುದ್ದಿಯನ್ನು ಎರಡು ಸಲ ಕೇಳಿಸಿದ ಪಾಪವೂ ತನ್ನದೇ.

ಬಾಗಿಲು ತೆರೆಯಿತು. ಸೊಸೆಯ ಮುಖದಲ್ಲಿ ಏನಿದೆ ಎಂದು ಅವರಿಗೆ ಓದಲಾಗಲಿಲ್ಲ. ಅಷ್ಟು ಮಕ್ಕಳ ಮುಖ ಓದಿದವರಿಗೆ ಈ ಒಂದು ಮುಖ ಓದಲಾಗಲಿಲ್ಲ. ಅವಳು ಬಂದು ಅವರ ಮಣಿಕಟ್ಟು ಹಿಡಿದು ಎಬ್ಬಿಸಿ, ಒಳಗೆ ಕರೆದುಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲಿನ ಪರದೆಯ ಮುಂದೆ ನಿಲ್ಲಿಸಿದಳು.

ಪರದೆಯ ಮೇಲೆ ಮನುಷ್ಯಾಕಾರದ ಮೂರು ಚಿತ್ರಗಳು ಸಾಲಾಗಿದ್ದವು. ಒಂದರ ಹೊಟ್ಟೆಯಲ್ಲಿ ಮೂರು ಕೆಂಡ. ಇನ್ನೊಂದರ ಹೊಟ್ಟೆ ಪೂರ್ತಿ ಬೆಳಕು. ಅದರತ್ತ ನೋಡಲಾರದೆ ಟೀಚರಮ್ಮ ಕಣ್ಣು ಸರಿಸಿದರು. ಕೊನೆಯದರಲ್ಲಿ ಕೆಳಗೊಂದು ಉಂಡೆ ಪಳಪಳ ಹೊಳೆಯುತ್ತಿತ್ತು. ಅದೇನು ಎಂದು ಬೆರಳು ತೋರಿಸಿದರು. ಅದು ಮೂತ್ರಕೋಶ, ಯಾರ ಚಿತ್ರ ತೆಗೆದರೂ ಹೊಳೆಯುತ್ತದೆ, ನಿಮ್ಮದೂ ಹೊಳೆಯುತ್ತದೆ ಎಂದರು ಡಾಕ್ಟರು. ಹೊಟ್ಟೆಯನ್ನು ನೋಡಿ ಎಂದರು.

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಬಾಗಿದರು. ಒಂದು ಮೂಲೆಯಲ್ಲಿ ಬೆರಳು ಒರೆಸಿದಷ್ಟು ಮಬ್ಬು. ಅದೂ ಆರುವ ದಾರಿಯಲ್ಲಿದೆ, ಇಂಜೆಕ್ಷನ್ ಮುಂದುವರಿಸಿದರೆ ಸಾಕು ಎಂದು ಡಾಕ್ಟರು ಹೇಳುತ್ತಿದ್ದರು. ಉಳಿದಂತೆ ಬರೀ ಕತ್ತಲು. ಅವರು ಇನ್ನೂ ಹತ್ತಿರ ಬಾಗಿದರು. ಎಲ್ಲೋ ಏನೋ ಬಿಟ್ಟುಹೋಗಿರಬೇಕು ಎಂಬಂತೆ ಹುಡುಕಿದರು.

"ಇಲ್ಲಿ ಏನೂ ಕಾಣ್ತಿಲ್ವಲ್ಲೇ," ಎಂದರು.

"ಏನೂ ಇಲ್ಲ ಅತ್ತೆ," ಎಂದಳು ಸೊಸೆ. "ಅಲ್ಲಿ ಏನೂ ಇಲ್ಲ. ಸೋಮವಾರದಿಂದ ಬಸ್ಸು ಹತ್ತು ಅಂದ್ರು."

ಆಗ ಟೀಚರಮ್ಮ ಅತ್ತರು. ಡಾಕ್ಟರು ಎದುರಿಗಿದ್ದಾರೆ, ಮಗ ನೋಡುತ್ತಿದ್ದಾನೆ ಎನ್ನುವುದನ್ನೆಲ್ಲ ಮರೆತು, ಪರದೆಯ ಮೇಲಿನ ಆ ಕತ್ತಲ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಬಿಕ್ಕಿ ಬಿಕ್ಕಿ ಅತ್ತರು. ಗಾಜಿನ ಮೇಲೆ ಬೆರಳಿನ ಗುರುತಾಗುತ್ತದೆ ಎಂದು ಡಾಕ್ಟರು ಹೇಳಲು ಹೊರಟವರು ಸುಮ್ಮನಾದರು. ಸೊಸೆ ಆ ಕೈಯನ್ನು ಮೆಲ್ಲಗೆ ಬಿಡಿಸಿ, ತಂದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.